ಹದಿನೆಂಟು ವರ್ಷ ಕಾಣದ ಫೋಟೋ

2012ರ ಒಂದು ರಾತ್ರಿ ಊರಲ್ಲಿ ಕೂತು ತಂಗಿಯ ಅರ್ಜಿ ತುಂಬುತ್ತಿದ್ದೆ. ಮಾರನೇ ದಿನ ಕಡೇ ತಾರೀಖು. ಡೇಟಾ ಕಾರ್ಡಿನ ಇಂಟರ್‌ನೆಟ್, ಅದನ್ನ ಕಿಟಕಿ ಸರಳಿಗೆ ಕಟ್ಟಿದರೆ ಮಾತ್ರ ಸಿಗ್ನಲ್ಲು. ಸ್ಟುಡಿಯೋದವನು ಪೆನ್‌ಡ್ರೈವಿಗೆ ತಂಗಿಯ ಪಾಸ್‌ಪೋರ್ಟ್ ಫೋಟೋ ಜೊತೆ ಆ ದಿನ ತೆಗೆದ ಎಲ್ಲರ ಫೋಟೋನೂ ತುಂಬಿಕೊಟ್ಟಿದ್ದ. 'ಫೋಟೋ ಆಯ್ಕೆ ಮಾಡಿ' ಅನ್ನೋ ಬಟನ್ ಒತ್ತಿದರೆ ನನ್ನ ಲಿನಕ್ಸ್ ಲ್ಯಾಪ್‌ಟಾಪು ಒಂದು ಪಟ್ಟಿ ತೋರಿಸಿತು. ಐಎಂಜಿ 2381, ಐಎಂಜಿ 2382, ಐಎಂಜಿ 2383. ಬರೀ ಹೆಸರು. ಯಾರ ಮುಖವೂ ಇಲ್ಲ.

ಇನ್ನೊಂದು ಕಿಟಕಿಯಲ್ಲಿ ಫೋಲ್ಡರ್ ತೆಗೆದು ನೋಡಿದೆ, ನಂಬರ್ ನೆನಪಿಟ್ಟುಕೊಂಡೆ, ವಾಪಸ್ ಬಂದು ಆರಿಸಿದೆ. ಅಷ್ಟರಲ್ಲಿ ಒಂದು ಸಲ ಕರೆಂಟು, ಎರಡು ಸಲ ಸಿಗ್ನಲ್ಲು ಹೋಗಿ ಬಂದಿತ್ತು. ಕೊನೆಗೆ ಅರ್ಜಿ ಸಲ್ಲಿಕೆಯಾಯ್ತು. ಬೆಳಿಗ್ಗೆ ಪ್ರಿಂಟ್ ತೆಗೆದು ನೋಡಿದರೆ ತಂಗಿಯ ಹೆಸರಿನ ಪಕ್ಕ ಮೀಸೆ ಬಿಟ್ಟ ಯಾರೋ ಗಂಡಸು! ತಿದ್ದೋಕೆ ಅವಕಾಶ ಇರಲಿಲ್ಲ, ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕಿತ್ತು. ಅಪ್ಪ ಏನೂ ಅನ್ನಲಿಲ್ಲ, ಡೈರಿಗೆ ಹಾಲು ಹಾಕಿದ ದುಡ್ಡಲ್ಲಿ ಎಣಿಸಿ ಕೊಟ್ಟರು. ತಂಗಿ ಮಾತ್ರ ಕೇಳಿದಳು: "ಇಂಜಿನಿಯರ್ ಆಗಿ ಫೋಟೋ ನೋಡಿ ಹಾಕೋಕೆ ಆಗಲ್ವೇನಣ್ಣ?"

ತಪ್ಪು ನನ್ನದೇ, ಒಪ್ಪಿಕೊಳ್ತೀನಿ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ಲಿನಕ್ಸ್ ಡೆಸ್ಕ್‌ಟಾಪಿನ ಇಡೀ ಇತಿಹಾಸ. ಫೈಲ್ ಆರಿಸುವ ಕಿಟಕಿಯಲ್ಲಿ ಚಿಕ್ಕ ಚಿಕ್ಕ ಚಿತ್ರಗಳು, ಅಂದರೆ ಥಂಬ್‌ನೇಲ್‌ಗಳು, ಕಾಣಬೇಕು ಅಂತ ಜನ ದೂರು ದಾಖಲಿಸಿದ್ದು 2004ರಲ್ಲಿ. ಅದು ಜನರ ಕೈಗೆ ಸಿಕ್ಕಿದ್ದು 2023ರಲ್ಲಿ. ಈ ನಡುವೆ ಮನುಷ್ಯ ಮಂಗಳನ ಮೇಲೆ ಪುಟ್ಟ ಹೆಲಿಕಾಪ್ಟರ್ ಹಾರಿಸಿಬಿಟ್ಟ, ಅದರ ಸಾಫ್ಟ್‌ವೇರ್ ಓಡಿದ್ದೂ ಲಿನಕ್ಸ್ ಮೇಲೇ. ಹಾಗಾದರೆ ಒಂದು ಚಿಕ್ಕ ಚಿತ್ರ ತೋರಿಸೋಕೆ ಯಾಕಿಷ್ಟು ವರ್ಷ?

ಮೊದಲಿನಿಂದ ಹೇಳ್ತೀನಿ.

1996ರ ಅಕ್ಟೋಬರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಒಂದು ಪ್ರಕಟಣೆ ಹಾಕಿದ. ಅವನ ತಕರಾರು ಸರಳವಾಗಿತ್ತು. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಒಂದು ಪ್ರೋಗ್ರಾಮ್ ಇದ್ದ ಹಾಗೆ ಇನ್ನೊಂದು ಇರಲ್ಲ. ಒಂದರ ಬಟನ್ ಒಂದು ಥರ, ಇನ್ನೊಂದರ ಮೆನು ಇನ್ನೊಂದು ಥರ. ಸಿಸ್ಟಮ್ ನೋಡಿಕೊಳ್ಳುವ ಪಂಡಿತರಿಗಲ್ಲ, ಬಳಸುವ ಸಾಮಾನ್ಯ ಮನುಷ್ಯನಿಗೆ ಒಂದು ಪೂರ್ತಿ ಡೆಸ್ಕ್‌ಟಾಪ್ ಕಟ್ಟೋಣ ಬನ್ನಿ ಅಂತ ಕರೆದ. ಕೆಡಿಇ ಹುಟ್ಟಿದ್ದು ಹಾಗೆ. ಅಂದರೆ ಲಿನಕ್ಸ್ ಡೆಸ್ಕ್‌ಟಾಪ್ ಶುರುವಾಗಿದ್ದೇ 'ಬಳಸೋಕೆ ಕಷ್ಟ ಕಣ್ರೀ' ಅನ್ನೋ ದೂರಿನಿಂದ.

ಆದರೆ ಕೆಡಿಇ ನಿಂತಿದ್ದು ಕ್ಯೂಟಿ ಅನ್ನೋ ಸಾಧನದ ಮೇಲೆ. ಆಗ ಅದರ ಪರವಾನಗಿ ಪೂರ್ತಿ ಮುಕ್ತವಾಗಿರಲಿಲ್ಲ. ತಳಪಾಯ ಬೇರೆಯವರದ್ದಾದರೆ ಮನೆ ನಮ್ಮದು ಹೇಗಾಗುತ್ತೆ ಅಂತ 1997ರ ಆಗಸ್ಟಿನಲ್ಲಿ ಮೆಕ್ಸಿಕೋದ ಇಬ್ಬರು, ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೇನಾ, ಗ್ನೋಮ್ ಶುರು ಮಾಡಿದರು. 2000ದಲ್ಲಿ ಕ್ಯೂಟಿಯೂ ಮುಕ್ತ ಪರವಾನಗಿಯಡಿ ಬಂತು. ಅಷ್ಟರಲ್ಲಿ ಎರಡು ಮನೆ ಎದ್ದಾಗಿತ್ತು, ಗೋಡೆ ಒಡೆಯೋರು ಯಾರು?

ಗ್ನೋಮ್ ಆರಿಸಿಕೊಂಡ ತಳಪಾಯ ಜಿಟಿಕೆ. ಇಲ್ಲೊಂದು ತಮಾಷೆ ಇದೆ, ನೋಡಿ. ಜಿಟಿಕೆ ಅಂದರೆ ಗಿಂಪ್ ಟೂಲ್‌ಕಿಟ್. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪ್ ಅನ್ನೋ ಫೋಟೋ ತಿದ್ದುವ ಪ್ರೋಗ್ರಾಮಿಗಾಗಿ ಮಾಡಿಕೊಂಡ ಸಾಧನ ಅದು. ಫೋಟೋ ಕೆಲಸಕ್ಕಂತಲೇ ಹುಟ್ಟಿದ ಸಾಧನ ಹದಿನೆಂಟು ವರ್ಷ ಫೋಟೋ ಆರಿಸುವಾಗ ಫೋಟೋ ತೋರಿಸಲಿಲ್ಲ!

ಮೊದಮೊದಲು ಗ್ನೋಮ್ ಬಯಲುಸೀಮೆ ಸಂತೆ ಥರ ಇತ್ತು. ಬೇಕಾದ್ದು, ಬೇಡದ್ದು ಎಲ್ಲಾ ಸಿಗೋದು. ಪ್ಯಾನೆಲ್ ಮೇಲೆ ಇಡೋಕೆ ಗಡಿಯಾರಗಳೇ ನಾಲ್ಕೈದು ಬಗೆ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಹೊರಗಿನ ಜನರನ್ನ ಕೂರಿಸಿ ಗ್ನೋಮ್ ಬಳಸೋಕೆ ಹೇಳಿ, ಅವರು ಎಲ್ಲೆಲ್ಲಿ ಎಡವುತ್ತಾರೆ ಅಂತ ಬರೆದಿಟ್ಟುಕೊಂಡಿತು. ಕೋಡ್ ಬರೆಯೋರಿಗೆ ಸ್ವಚ್ಛವಾಗಿ ಕಂಡಿದ್ದು ಬಳಸೋರಿಗೆ ಗೊಂದಲ ಅಂತ ಗೊತ್ತಾಯ್ತು.

ಅದೇ ಹೊತ್ತಿಗೆ ರೆಡ್ ಹ್ಯಾಟ್‌ನಲ್ಲಿದ್ದ ಹ್ಯಾವೊಕ್ ಪೆನ್ನಿಂಗ್ಟನ್ ಒಂದು ಪ್ರಬಂಧ ಬರೆದ. ಅದರ ತಿರುಳು ಇಷ್ಟು: ಪ್ರತಿ ಆಯ್ಕೆಗೂ ಒಂದು ಬೆಲೆ ಇದೆ. 'ಇದನ್ನೂ ಒಂದು ಸೆಟ್ಟಿಂಗ್ ಮಾಡಿಬಿಡಿ' ಅನ್ನೋದು ಸುಲಭ, ಆದರೆ ಒಂದೊಂದು ಸೆಟ್ಟಿಂಗೂ ಪರೀಕ್ಷೆ ಮಾಡಬೇಕಾದ ಹೊಸ ದಾರಿ, ಹೊಸ ಬಗ್‌ಗೆ ತೆರೆದ ಬಾಗಿಲು. ನಿಜವಾದ ತೊಂದರೆಯನ್ನ ಸರಿಮಾಡದೆ ಅದರ ಮೇಲೆ ಆಯ್ಕೆಯ ತೇಪೆ ಹಾಕಬೇಡಿ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋ ಯಾರೂ ಈ ಮಾತು ಸುಳ್ಳು ಅನ್ನಲ್ಲ. 2002ರ ಜೂನಲ್ಲಿ ಬಂದ ಗ್ನೋಮ್ 2 ಈ ವಿಚಾರದ ಮೇಲೆ ನಿಂತಿತು. ಸಂತೆಯನ್ನ ಗುಡಿಸಿ, ಸಾಲಾಗಿ ಅಂಗಡಿ ಇಟ್ಟ ಹಾಗಾಯ್ತು.

ಗುಡಿಸುವಾಗ ಯಾರಿಗೋ ಬೇಕಾದ್ದೂ ಕಸದ ಜೊತೆ ಹೋಗುತ್ತೆ. ಹೋದವರು ಕೂಗಿದರು. ಕೂಗಿದಾಗ ಬಂದ ಉತ್ತರ: 'ಸಾಮಾನ್ಯ ಬಳಕೆದಾರನಿಗೆ ಅದು ಬೇಕಾಗಲ್ಲ.' ಈ 'ಸಾಮಾನ್ಯ ಬಳಕೆದಾರ' ಯಾರು? ಅವನನ್ನ ಯಾರು ನೋಡಿದ್ದರು? ಸನ್ ಕಂಪನಿ ಒಮ್ಮೆ ನಿಜವಾದ ಮನುಷ್ಯರನ್ನ ಕೂರಿಸಿ ನೋಡಿತ್ತು. ಆಮೇಲಾಮೇಲೆ ಅವನು ಎಲ್ಲರ ತಲೆಯಲ್ಲಿ ಒಬ್ಬೊಬ್ಬನಾಗಿ, ವಾದ ಗೆಲ್ಲೋಕೆ ಎಳೆದು ತರುವ ಸಾಕ್ಷಿಯಾಗಿಬಿಟ್ಟ.

2004ರ ಮಾರ್ಚಲ್ಲಿ ಜಿಟಿಕೆ 2.4 ಬಂತು. ಅದರಲ್ಲಿ ಫೈಲ್ ಆರಿಸುವ ಕಿಟಕಿಯನ್ನ ಹೊಸದಾಗಿ ಬರೆದಿದ್ದರು. ಹಳೆಯದಕ್ಕಿಂತ ಎಷ್ಟೋ ವಾಸಿ. ಎಡಗಡೆ ಬೇಕಾದ ಫೋಲ್ಡರುಗಳ ಸಾಲು, ಮೇಲೆ ದಾರಿ ತೋರಿಸೋ ಬಟನ್‌ಗಳು. ಫೈಲಿನ ವಿಳಾಸ ಟೈಪ್ ಮಾಡುವ ಜಾಗ ಮಾತ್ರ ಮರೆಯಾಗಿತ್ತು, ಕಂಟ್ರೋಲ್ ಎಲ್ ಒತ್ತೋದು ಗೊತ್ತಿದ್ದವರಿಗಷ್ಟೇ ಸಿಗೋದು. ಇನ್ನು ಚಿತ್ರಗಳ ಥಂಬ್‌ನೇಲ್ ನೋಟ ಇರಲೇ ಇಲ್ಲ. ಅದೇ ವರ್ಷ ದೂರು ದಾಖಲಾಯ್ತು.

ಯಾರೂ 'ಇದು ಬೇಡವೇ ಬೇಡ' ಅಂತ ಬಾಗಿಲು ಹಾಕಲಿಲ್ಲ. ತೊಡಕು ಬೇರೆ ಕಡೆ ಇತ್ತು. ಥಂಬ್‌ನೇಲ್ ತಯಾರಿಸುವ ಕೋಡ್ ಇದ್ದದ್ದು ಮೇಲಿನ ಅಂತಸ್ತಲ್ಲಿ, ಗ್ನೋಮಿನ ಫೈಲ್ ಮ್ಯಾನೇಜರ್ ಕಡೆ. ಫೈಲ್ ಆರಿಸುವ ಕಿಟಕಿ ಇದ್ದದ್ದು ತಳಪಾಯದಲ್ಲಿ, ಜಿಟಿಕೆಯೊಳಗೆ. ತಳಪಾಯ ಮೇಲಂತಸ್ತಿನ ಆಸರೆಗೆ ನಿಲ್ಲೋಕಾಗಲ್ಲ. ಅದರ ಮೇಲೆ, ಸಾವಿರಾರು ಚಿತ್ರ ಇರೋ ಫೋಲ್ಡರ್ ತೆಗೆದರೆ ತಡವರಿಸದೆ ಜಾಲರಿಯಂತೆ ತೋರಿಸುವ ಸಾಮರ್ಥ್ಯ ಆಗಿನ ಜಿಟಿಕೆಗೆ ಇರಲಿಲ್ಲ. ಕೆಲವು ಪ್ರೋಗ್ರಾಮ್‌ಗಳು ಒಂದು ಉಪಾಯ ಮಾಡಿದವು. ಫೈಲ್ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ಆ ಒಂದು ಫೈಲಿನ ಚಿತ್ರ ಕಾಣೋದು. ಮುನ್ನೂರು ಫೋಟೋ ಇದ್ದರೆ ಮುನ್ನೂರು ಕ್ಲಿಕ್ಕು. ನಾನು ಆ ರಾತ್ರಿ ಬಳಸುತ್ತಿದ್ದುದರಲ್ಲಿ ಅದೂ ಇರಲಿಲ್ಲ.

ಬೇಕಾದವರು ಸುಮ್ಮನೆ ಕೂರಲಿಲ್ಲ. ತಾವೇ ಪ್ಯಾಚ್ ಬರೆದರು. ಆದರೆ ಪ್ಯಾಚ್ ಅಂದರೆ ಒಂದು ಆವೃತ್ತಿಗೆ ಹೊಲಿದ ಅಂಗಿ. ಜಿಟಿಕೆ ಬೆಳೆದ ಹಾಗೆ ಅಂಗಿ ಬಿಗಿಯಾಗೋದು, ಮತ್ತೆ ಬಿಚ್ಚಿ ಹೊಲಿಯಬೇಕು. ಅದನ್ನ ಪರಿಶೀಲಿಸಿ, ಒಳಗೆ ಸೇರಿಸಿ, ನಾಳೆ ಕೆಟ್ಟರೆ ರಿಪೇರಿ ಮಾಡೋ ಹೊಣೆ ಹೊರಬೇಕಾದ ಜನ ಎಷ್ಟಿದ್ದರು ಗೊತ್ತಾ? 2012ರಲ್ಲಿ ಜಿಟಿಕೆಯ ಬೆಂಜಮಿನ್ ಓಟ್ಟೆ ತನ್ನ ಬ್ಲಾಗಲ್ಲಿ ಬರೆದುಕೊಂಡ: ಜಿಟಿಕೆ ಮೇಲೆ ಪೂರ್ಣಾವಧಿ ಕೆಲಸ ಮಾಡುತ್ತಿರೋನು ತಾನೊಬ್ಬನೇ ಅಂತ. ಲೆಕ್ಕವಿಲ್ಲದಷ್ಟು ಪ್ರೋಗ್ರಾಮ್‌ಗಳು ನಿಂತ ತಳಪಾಯಕ್ಕೆ ಒಬ್ಬ ಮನುಷ್ಯ. ನಾನು ತಂಗಿಯ ಅರ್ಜಿ ಹಾಳುಮಾಡಿದ್ದೂ ಅದೇ ವರ್ಷ.

ಊರ ಕೆರೆ ನೆನಪಾಗುತ್ತೆ. ನೀರು ಎಲ್ಲರಿಗೂ ಬೇಕು. ಹೂಳು ತೆಗೆಯೋ ದಿನ ಎಲ್ಲರಿಗೂ ಬೇರೆ ಕೆಲಸ.

ದೂರು ಕೊಡೋನು ದೊಡ್ಡ ಮನುಷ್ಯನಾಗಿದ್ದರೆ ಕೆಲಸ ಆಗ್ತಿತ್ತಾ? ಅದಕ್ಕೂ ಇತಿಹಾಸದಲ್ಲಿ ಉತ್ತರ ಇದೆ. ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್‌ಗಿಂತ ದೊಡ್ಡ ಮನುಷ್ಯ ಈ ಊರಲ್ಲಿ ಯಾರಿದ್ದಾರೆ? 2005ರ ಡಿಸೆಂಬರಲ್ಲಿ ಆತ ಗ್ನೋಮ್‌ನವರ ಮೇಲೆ ಹರಿಹಾಯ್ದ. ಬಳಕೆದಾರರನ್ನ ದಡ್ಡರು ಅಂದುಕೊಂಡು ಸೌಲಭ್ಯ ಕಿತ್ತು ಹಾಕ್ತಿದ್ದೀರಿ, ಎಲ್ಲರೂ ಕೆಡಿಇ ಬಳಸಿ ಅಂದ. 2007ರಲ್ಲಿ ಬರೀ ಬೈಯ್ಯೋದು ಬಿಟ್ಟು ಪ್ಯಾಚ್ ಕೂಡ ಬರೆದು ಕಳಿಸಿದ. 2008ರ ಜನವರಿಯಲ್ಲಿ ಕೆಡಿಇ 4 ಬಂತು. ಅವರೂ ಎಲ್ಲಾ ಕೆಡವಿ ಹೊಸದಾಗಿ ಕಟ್ಟಿದ್ದರು, ಸುಣ್ಣ ಬಳಿಯೋ ಮೊದಲೇ ಗೃಹಪ್ರವೇಶ ಮಾಡಿದ ಹಾಗೆ. ಟೊರ್ವಾಲ್ಡ್ಸ್ ಬೇಸತ್ತು ಗ್ನೋಮಿಗೆ ಬಂದ. 2011ರ ಏಪ್ರಿಲಲ್ಲಿ ಗ್ನೋಮ್ 3 ಬಂತು. ಕಿಟಕಿಯ ತಲೆಮೇಲಿದ್ದ ಮಿನಿಮೈಸ್, ಮ್ಯಾಕ್ಸಿಮೈಸ್ ಬಟನ್‌ಗಳೇ ಇಲ್ಲ. ಕಂಪ್ಯೂಟರ್ ಆಫ್ ಮಾಡೋ ಆಯ್ಕೆ ಕಾಣಬೇಕಾದರೆ ಮೆನುವಿನಲ್ಲಿ ಆಲ್ಟ್ ಕೀ ಒತ್ತಿ ಹಿಡೀಬೇಕು. ಆತ ಮತ್ತೆ ಗಂಟುಮೂಟೆ ಕಟ್ಟಿ ಎಕ್ಸ್‌ಎಫ್‌ಸಿಇಗೆ ಹೋದ. 2013ರಲ್ಲಿ, ಬೇಕಾದ್ದನ್ನ ಎಕ್ಸ್‌ಟೆನ್ಶನ್ ಹಾಕಿ ಜೋಡಿಸಿಕೊಂಡು, ಪುನಃ ಗ್ನೋಮ್!

ಇಡೀ ಜಗತ್ತಿನ ಸರ್ವರ್‌ಗಳನ್ನ ಹೊತ್ತ ಕರ್ನಲ್ ಬರೆದವನಿಗೇ ತನ್ನ ಮೇಜಿನ ಮೇಲಿನ ಪರದೆಯನ್ನ ಬೇಕಾದ ಹಾಗೆ ಇಟ್ಟುಕೊಳ್ಳೋಕೆ ಆಗಲಿಲ್ಲ. ಬಾಡಿಗೆ ಮನೆ ಬದಲಿಸೋ ಬೆಂಗಳೂರಿನ ಬ್ಯಾಚುಲರ್ ಥರ ಅಲೆದ. ಇದನ್ನ ಓದಿದಾಗ ನನಗಂತೂ ಸಮಾಧಾನ ಆಯ್ತು ಅಂತಲೇ ಹೇಳಬೇಕು.

ಗ್ನೋಮ್ 3 ಬಂದಾಗ ಸಿಟ್ಟಾದವರು ಆತನೊಬ್ಬನೇ ಅಲ್ಲ. ಮುಕ್ತ ತಂತ್ರಾಂಶದಲ್ಲಿ ಸಿಟ್ಟಿಗೆ ಒಂದು ದಾರಿ ಇದೆ. ಕೋಡ್ ತಗೊಂಡು ಬೇರೆ ಒಲೆ ಹಚ್ಚಬಹುದು. ಹಳೇ ಗ್ನೋಮ್ 2 ಬೇಕು ಅಂದವರು ಮಾಟೆ ಕಟ್ಟಿದರು. ಲಿನಕ್ಸ್ ಮಿಂಟ್‌ನವರು ಸಿನಮನ್ ಕಟ್ಟಿದರು. 2012ರಲ್ಲಿ ಗ್ನೋಮಿನ ಫೈಲ್ ಮ್ಯಾನೇಜರ್ ನಾಟಿಲಸ್‌ನಿಂದ, ಒಂದೇ ಕಿಟಕಿಯನ್ನ ಎರಡು ಭಾಗ ಮಾಡಿ ಫೈಲ್ ಸಾಗಿಸೋ ಸೌಲಭ್ಯ ತೆಗೆದಾಗ, ಮಿಂಟ್‌ನವರು ಅದನ್ನೂ ಕವಲೊಡೆಸಿ ನೀಮೋ ಮಾಡಿಕೊಂಡರು.

ಇಲ್ಲೇ ಇರೋದು ನನಗೆ ತಡವಾಗಿ ಅರ್ಥವಾದ ವಿಷಯ. ಮಾಟೆಗೆ ಹೋಗಿ, ಸಿನಮನ್‌ಗೆ ಹೋಗಿ, ಎಕ್ಸ್‌ಎಫ್‌ಸಿಇಗೆ ಹೋಗಿ, ಫೈಲ್ ಆರಿಸೋ ಕಿಟಕಿ ತೆಗೆದರೆ ಮತ್ತೆ ಅದೇ ಹೆಸರುಗಳ ಪಟ್ಟಿ. ಯಾಕಂದ್ರೆ ಈ ಎಲ್ಲಾ ಮನೆಗಳ ಕೆಳಗೆ ಇರೋದು ಜಿಟಿಕೆಯೇ. ಕೆಡಿಇಯ ಸ್ವಂತ ಕಿಟಕಿಯಲ್ಲಿ ಥಂಬ್‌ನೇಲ್ ಬರ್ತಿತ್ತು, ನಿಜ. ಆದರೆ ಕೆಡಿಇಯಲ್ಲಿ ಕೂತು ಫೈರ್‌ಫಾಕ್ಸ್ ತೆಗೆದರೆ ಅದು ಜಿಟಿಕೆಯ ಕಿಟಕಿಯನ್ನೇ ತಂದು ನಿಲ್ಲಿಸೋದು. ಮನೆ ಬದಲಿಸಬಹುದು, ಬಾವಿ ಒಂದೇ.

ಇದ್ದದ್ದನ್ನ ಕಿತ್ತರೆ ಜನ ದಂಗೆ ಏಳ್ತಾರೆ. ಕಳಕೊಂಡವರಿಗೆ ತಾವು ಏನು ಕಳಕೊಂಡೆವು ಅಂತ ಗೊತ್ತಿರುತ್ತೆ, ಹಳೇ ಕೋಡೂ ಕೈಯಲ್ಲಿರುತ್ತೆ. ಮೊದಲಿಂದಲೂ ಇರದಿದ್ದದ್ದಕ್ಕೆ ದಂಗೆ ಏಳೋದು ಕಷ್ಟ. ಅದಕ್ಕೆ ತೆಗೆಯೋ ಹಳೇ ಕೋಡಿಲ್ಲ. ತಳಪಾಯವನ್ನೇ ಅಗೆಯಬೇಕು, ಅಗೆಯೋರು ಒಬ್ಬರೋ ಇಬ್ಬರೋ. ಹೀಗಾಗಿ ಕೋಪ ಎಲ್ಲಾ ಮೇಲಿನ ಬಣ್ಣಕ್ಕೆ, ಮೆನುವಿಗೆ, ಬಟನ್‌ಗೆ ಖರ್ಚಾಯ್ತು. ಥಂಬ್‌ನೇಲ್ ದೂರು ವರ್ಷ ವರ್ಷ ಹುಟ್ಟುಹಬ್ಬ ಆಚರಿಸಿಕೊಂಡು ಜೋಕಾಗಿ ಉಳೀತು.

ಆದರೆ ಅದೇ ತಳಪಾಯದ ಇನ್ನೊಂದು ಮೂಲೆಯ ಕಥೆ ಹೇಳದಿದ್ದರೆ ಅನ್ಯಾಯವಾಗುತ್ತೆ. ಜಿಟಿಕೆಯಲ್ಲಿ ಅಕ್ಷರ ಜೋಡಿಸೋ ಕೆಲಸ ಪ್ಯಾಂಗೋ ಅನ್ನೋ ಲೈಬ್ರರಿಯದ್ದು. ಗ್ರೀಕಿನ 'ಪ್ಯಾನ್', ಜಪಾನಿಯ 'ಗೋ' ಸೇರಿಸಿದ ಹೆಸರು, ಎಲ್ಲಾ ಭಾಷೆ ಅಂತ ಅರ್ಥ. ಇಂಗ್ಲಿಷಿಗೆ ಇದರ ಅಗತ್ಯ ಅಷ್ಟಿಲ್ಲ, ಅಕ್ಷರದ ಪಕ್ಕ ಅಕ್ಷರ ಇಟ್ಟರಾಯ್ತು. ಕನ್ನಡಕ್ಕೆ ಹಾಗಲ್ಲ. ಒತ್ತು ಕೆಳಗೆ ಹೋಗಬೇಕು, ಅರ್ಕಾವೊತ್ತು ಬಲಕ್ಕೆ ಬರಬೇಕು, ಗುಣಿತ ತಲೆಕಟ್ಟಿಗೆ ಸೇರಬೇಕು. ಈ ಕೆಲಸವನ್ನ ಚೊಕ್ಕಟ ಮಾಡಲು ಬೆಳೆದದ್ದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಅದನ್ನ ಕಟ್ಟಿ ಬೆಳೆಸಿದವನು ಇರಾನ್ ಮೂಲದ ಬೆಹದಾದ್ ಎಸ್ಫಹಬೊದ್. ಹೆಸರೂ ಪಾರ್ಸಿಯದ್ದೇ. ಪಾರ್ಸಿ ಲಿಪಿಯಲ್ಲೂ ಅಕ್ಷರಗಳು ಪಕ್ಕದವರನ್ನ ನೋಡಿ ರೂಪ ಬದಲಿಸುತ್ತವೆ. ಅಕ್ಷರ ಒಡೆದು ಚೂರಾಗಿ ಕಂಡರೆ ಹೇಗಿರುತ್ತೆ ಅಂತ ಆತನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಲಿನಕ್ಸ್ ಡೆಸ್ಕ್‌ಟಾಪಿನ ತಳಪಾಯದಲ್ಲಿ ಬೆಳೆದ ಆ ಹಾರ್ಫ್‌ಬಜ್ ಇವತ್ತು ಆಂಡ್ರಾಯ್ಡಿನಲ್ಲಿದೆ, ಕ್ರೋಮ್‌ನಲ್ಲಿದೆ, ಫೈರ್‌ಫಾಕ್ಸ್‌ನಲ್ಲಿದೆ. ನಿಮ್ಮ ಆಂಡ್ರಾಯ್ಡ್ ಫೋನಲ್ಲಿ ಅಮ್ಮ ಕಳಿಸಿದ 'ಊಟ ಆಯ್ತಾ' ಅನ್ನೋ ಮೆಸೇಜಲ್ಲಿ ಯ ಕೆಳಗೆ ತ ಒತ್ತು ನೆಟ್ಟಗೆ ಕೂತಿದ್ದರೆ ಅದರ ಹಿಂದೆ ಈ ಕೆಲಸ ಇದೆ. ಬಡವರ ಮನೆ ಅಂತ ಜನ ನಗುತ್ತಿದ್ದ ಡೆಸ್ಕ್‌ಟಾಪು ಫೋಟೋ ತೋರಿಸಲಿಲ್ಲ, ಕನ್ನಡ ತೋರಿಸಿತು. ಅದಾಗಿದ್ದು ಹೇಗೆ? ಬೇಕಾದ ನೋವು ಮತ್ತು ಮಾಡೋ ಕೈ ಒಬ್ಬರಲ್ಲೇ ಸೇರಿತ್ತು, ಆ ಕೈಗೆ ಸಂಬಳ ಕೊಡೋ ಕಂಪನಿಯೂ ಇತ್ತು.

ಥಂಬ್‌ನೇಲ್ ಕೂಡ ಕೊನೆಗೆ ಬಂದದ್ದು ಹೀಗೇ, ತಳಪಾಯ ಅಗೆದಾಗ. 2020ರ ಡಿಸೆಂಬರಲ್ಲಿ ಜಿಟಿಕೆ 4 ಬಂತು. ಅದರಲ್ಲಿ ಎಷ್ಟೇ ದೊಡ್ಡ ಪಟ್ಟಿಯಾದರೂ ಪರದೆ ಮೇಲೆ ಕಾಣೋ ಭಾಗವನ್ನಷ್ಟೇ ಕಟ್ಟಿ ತೋರಿಸುವ ಹೊಸ ವ್ಯವಸ್ಥೆ ಇತ್ತು. ಅದನ್ನ ಬರೆದವನು, ಹಿಂದೆ ತಾನೊಬ್ಬನೇ ಅಂತ ಅಲವತ್ತುಕೊಂಡಿದ್ದ ಅದೇ ಓಟ್ಟೆ. 2022ರ ಕೊನೆಗೆ ಮ್ಯಾಥಿಯಾಸ್ ಕ್ಲಾಸೆನ್ ಫೈಲ್ ಆರಿಸೋ ಕಿಟಕಿಯನ್ನ ಈ ಹೊಸ ವ್ಯವಸ್ಥೆಗೆ ಬದಲಿಸಿದ, ಜಾಲರಿ ನೋಟ ಸೇರಿಸಿದ. 2023ರ ಮಾರ್ಚಲ್ಲಿ ಗ್ನೋಮ್ 44ರ ಜೊತೆ ಅದು ಜನರ ಕೈ ಸೇರಿತು. ಹದಿನೆಂಟು ವರ್ಷ ಜಗ್ಗದ ಕಲ್ಲು, ಅಡಿಯ ಮಣ್ಣು ಸಡಿಲವಾದ ಮೇಲೆ ಉರುಳಿತು. ಹಳೇ ಜಿಟಿಕೆ ಮೇಲೆ ನಿಂತ ಪ್ರೋಗ್ರಾಮ್‌ಗಳು ಮಾತ್ರ ಇನ್ನೂ ಕೆಲವು ಕಡೆ ಹಳೇ ಪಟ್ಟಿಯನ್ನೇ ಹಿಡಿದು ಕೂತಿವೆ.

ಇಷ್ಟೆಲ್ಲಾ ಬೇರೆಯವರ ಕಥೆ ಹೇಳಿದ ಮೇಲೆ ನನ್ನದೂ ಒಂದು ಹೇಳಿಬಿಡ್ತೀನಿ. ಆಫೀಸಲ್ಲಿ ನನ್ನ ತಂಡದ ಹೆಸರಲ್ಲೂ ಒಂದು ಟಿಕೆಟ್ ಇದೆ. ಗ್ರಾಹಕರೊಬ್ಬರು ಕೇಳಿದ ಸಣ್ಣ ಸೌಲಭ್ಯ. ಪ್ರತಿ ಯೋಜನಾ ಸಭೆಯಲ್ಲೂ ಅದನ್ನ ತೆಗೀತೀವಿ, 'ಸಾಮಾನ್ಯ ಬಳಕೆದಾರರಿಗೆ ಇದು ಬೇಕಾಗಲ್ಲ' ಅಂತೀವಿ, ಮುಂದಿನ ಸಲಕ್ಕೆ ತಳ್ತೀವಿ. ಆ ಮಾತು ಮೊನ್ನೆ ನನ್ನ ಬಾಯಿಂದಲೇ ಬಂತು. ಅಂದಾಗ ನನ್ನ ತಲೆಯಲ್ಲಿದ್ದ ಸಾಮಾನ್ಯ ಬಳಕೆದಾರ ಯಾರು ಅಂತ ಯೋಚಿಸಿದೆ. ಒಳ್ಳೇ ಇಂಟರ್‌ನೆಟ್ ಇದೆ, ಕರೆಂಟು ಹೋಗಲ್ಲ, ಕಡೇ ತಾರೀಖಿನ ಹಿಂದಿನ ರಾತ್ರಿ ಕೂತಿಲ್ಲ. ಅವನು ನನ್ನ ತಂಗಿಯಂತೂ ಅಲ್ಲ. ಆ ಟಿಕೆಟ್ಟನ್ನ ಈ ಸಲ ನನ್ನ ಹೆಸರಿಗೆ ಹಾಕಿಕೊಂಡಿದ್ದೀನಿ. ಇನ್ನೂ ಮುಗಿದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಹೊಸ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. ತಂಗಿಯ ಮಗನ ಸ್ಕೂಲ್ ಅರ್ಜಿಗೆ ಫೋಟೋ ಬೇಕಿತ್ತು. ಫೈಲ್ ಆರಿಸೋ ಕಿಟಕಿ ತೆಗೆದೆ. ಸಾಲು ಸಾಲಾಗಿ ಎಲ್ಲರ ಮುಖಗಳು! "ಬಾ ಇಲ್ಲಿ, ನೋಡು" ಅಂತ ತಂಗಿಯನ್ನ ಕರೆದು ತೋರಿಸಿದೆ. ಅವಳು ಕೈ ಒರೆಸಿಕೊಂಡು ಬಂದು ಪರದೆ ನೋಡಿದಳು, ನನ್ನ ಮುಖ ನೋಡಿದಳು.

"ಇದರಲ್ಲೇನಣ್ಣ ವಿಶೇಷ? ನನ್ನ ಫೋನಲ್ಲಿ ಮೊದಲಿಂದಲೂ ಹಿಂಗೇ ಬರುತ್ತೆ."